ಸೆಲಿನ್‌ಗೆ ಬಂದ ಟಿಕೆಟ್

ಕಿಲಿಮಾನಿ, ನೈರೋಬಿ
ಭಾನುವಾರ, ೧೧ ಆಗಸ್ಟ್ ೨೦೨೪

ಚಿ. ಸೌ. ಜಾಹ್ನವಿಗೆ,

ಆಶೀರ್ವಾದ ಮಾಡುವ ಮನಸ್ಸು ಇವತ್ತು ಅರ್ಧವೇ ಇದೆ. ತುಂಬಿದ ಬಸುರಿ ಎಂದು ಆ ಅರ್ಧವನ್ನು ಕಳಿಸಿದ್ದೇನೆ. ಮಧ್ಯಾಹ್ನ ಫೋನ್ ಕಟ್ಟಾಗಿದ್ದು ನೆಟ್‌ವರ್ಕಿನಿಂದಲ್ಲ, ನಾನೇ ಇಟ್ಟೆ.  ಸಿಟ್ಟಿಗೆ ಅಕ್ಷರ ಹೇಗೆ ಸೊಟ್ಟಗಾಗಿದೆ ನೋಡು.

ನಿನಗೆ ಅಂಟಿನುಂಡೆ ಮಾಡಲೆಂದು ಕೊಬ್ಬರಿ ತುರಿಯುತ್ತಾ ಕೂತಿದ್ದೆ. ಚರ್ಚ್ ಮುಗಿಸಿಕೊಂಡು ಸೆಲಿನ್ ಬಂದಳು. ಭಾನುವಾರ ಅವಳು ಕಸರಾನಿಯಿಂದ ಮಟಾಟು ವ್ಯಾನ್ ಹತ್ತಿ ಕೆಲಸಕ್ಕೆ ಬರುವವಳೇ ಅಲ್ಲ. ತಲೆಗೆ ನೀಲಿ ಹ್ಯಾಟು ಬೇರೆ. ನಿಂತುಕೊಂಡೇ, ಮುಂದಿನ ತಿಂಗಳು ರಜೆ ಬೇಕು ಎಂದಳು. ಊರಿಗಾ ಎಂದು ಕೇಳಿದೆ. ಅವಳ ಸ್ವಾಹಿಲಿಯಲ್ಲಿ ಅಮ್ಮನಿಗೆ ಮಾಮಾ ತಾನೇ. ಇಲ್ಲ ಮಾಮಾ, ಟೆಕ್ಸಾಸ್‌ಗೆ, ಜಾನೂ ಪಾಪೂಗೆ ಸ್ನಾನ ಮಾಡ್ಸೋಕೆ, ಟಿಕೆಟ್ ಅವಳೇ ಕಳ್ಸಿದ್ದಾಳೆ ಎಂದಳು. ತುರಿಮಣೆಗೆ ಬೆರಳು ತಾಗಿ ರಕ್ತ ಬಂದದ್ದೂ ನನಗೆ ತಿಳಿಯಲಿಲ್ಲ. 

ನಿಮ್ಮಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು. ಅಲ್ಲಿಗೆ ಎಲ್ಲ ಅರ್ಥವಾಯಿತು. ಅವಳಿಗೆ ಪಾಸ್‌ಪೋರ್ಟ್ ಮಾಡಿಸಿದ್ದು, ವೀಸಾ ಸಂದರ್ಶನಕ್ಕೆ ಕಾರಿನಲ್ಲಿ ಕರೆದೊಯ್ದದ್ದು ಎಲ್ಲ ಈ ಮಹಾನುಭಾವರೇ. ಔಷಧಿ ಕಂಪನಿಯ ಬೋನಸ್ ಸುದ್ದಿಯನ್ನೇ ಸಂಜೆತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವರು! ಎಲ್ಲ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದಿರಿ.

ಚೊಚ್ಚಲ ಬಾಣಂತನ ತವರಿನದು ಕಣೇ. ಮೆತ್ತಗಿನ ಹಳೇ ಸೀರೆಗಳನ್ನು ಹರಿದು, ಒಗೆದು ಮಡಿಸಿಟ್ಟಿದ್ದೇನೆ. ಬಾಣಂತಿ ಖಾರ ಕುಟ್ಟಿಯಾಗಿದೆ. ಕನ್ನಡ ಬಳಗದಲ್ಲೆಲ್ಲ ಡಂಗುರ ಸಾರಿದ್ದೂ ಆಗಿದೆ. ಈಗ ಆ ಹೆಂಗಸರಿಗೆ ಏನು ಹೇಳಲಿ? ಮಗಳು ಹೆತ್ತವಳನ್ನು ಬಿಟ್ಟು ಆಯಾಳನ್ನು ಕರೆಸಿಕೊಂಡಳು ಎನ್ನಲೇ?

ಫೋನಿನಲ್ಲಿ ನೀನು, ಸಾಂಬ್ರಾಣಿ ಹೊಗೆ ಹಾಕಿದರೆ ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಂಡು ಫೈರ್ ಇಂಜಿನ್ ಬರುತ್ತದೆ ಎಂದೆ. ಸರಿ, ಹೊಗೆ ಬೇಡ. ನಿನ್ನ ಅಳಿಯ ಪವನ್‌ಗೆ ರಜೆ ಸಿಗುವುದೇ ಸ್ವಲ್ಪ ದಿನ, ನಾನೂ ಬೇಗ ಆಫೀಸಿಗೆ ಹೋಗಬೇಕು, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಲಾಗದು ಎಂದೆ. ಅದಕ್ಕೂ ಸರಿ. ಆಮೇಲೆ, ಅಮ್ಮಾ, ನೀನು ಪ್ಯಾನಿಕ್ ಆಗ್ತೀಯ, ನಿನ್ನ ನೋಡಿ ನಾನೂ ಆಗ್ತೀನಿ, ಸೆಲಿನ್ ಹೆದರಲ್ಲ, ನೀನು ಮೂರನೇ ತಿಂಗಳಿಗೆ ಆರಾಮಾಗಿ ಬಾ ಎಂದೆ. ನೆಂಟರನ್ನು ಕರೆದ ಹಾಗೆ. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನಿನ್ನ ಬಾಣಂತನ ಮಾಡಿದ್ದು ಯಾರಮ್ಮಾ ಎಂದು ನನ್ನನ್ನೇ ಕೇಳಿದೆ. ಆಗ ನಾನು ಫೋನ್ ಇಟ್ಟೆ.

ನಿಜ. ನಿನ್ನಜ್ಜಿಯ ಪಾಸ್‌ಪೋರ್ಟ್ ಬರುವ ಮೊದಲೇ ನೀನು ಹುಟ್ಟಿದೆ. ಪರದೇಶ, ಕೈಯಲ್ಲಿ ಅಂಗೈ ಅಗಲದ ಕೂಸು, ಮುಟ್ಟಲು ನನಗೆ ಭಯ. ಸೆಲಿನ್ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅಜ್ಜಿ ಫೋನಿನಲ್ಲಿ ಹೇಳಿದ್ದನ್ನು ನಾನು ಹೇಳುತ್ತಿದ್ದೆ, ಅವಳು ಕಾಲು ಚಾಚಿ ಕೂತು ನಿನ್ನನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಅದಕ್ಕೇ ಜಾನೂ, ಈ ಸಲವಾದರೂ ಕೂಸು ನನ್ನ ಕಾಲ ಮೇಲೆ ಮಲಗಬೇಕಿತ್ತು. ನನ್ನ ಆಸೆ ಇಷ್ಟೇ ಇತ್ತು.

ಉಂಡೆ, ಖಾರ, ಈ ಕಾಗದ, ಮೂರನ್ನೂ ಸೆಲಿನ್ ತರುತ್ತಾಳೆ. ಮೂರನೇ ತಿಂಗಳಿಗೆ ನಾನು ಬರುವುದಿಲ್ಲ. ಹೊಟ್ಟೆ ತುಂಬ ಊಟ ಮಾಡು.

ಇಂದಿಗೂ ನಿನ್ನ ಅಮ್ಮನೇ ಆಗಿರುವ,
ವಸುಂಧರಾ

ತಾ.ಕ.: ಕಾಗದ ಮಡಿಸುವಾಗ ಸೆಲಿನ್ ನನ್ನ ಬೆರಳಿಗೆ ಪಟ್ಟಿ ಕಟ್ಟಲು ಬಂದಳು. ಈಗ ಮಂಡಿ ನೋವು ಮಾಮಾ, ಕಾಲು ಚಾಚಿ ಕೂತ್ರೆ ಏಳೋಕಾಗಲ್ಲ, ಆವಾಗ ಬಿಸಿನೀರು ಸಾಹೇಬ್ರು ತಂದ್ಕೊಡ್ತಿದ್ರು, ಅಲ್ಲಿ ಯಾರು ತರ್ತಾರೆ ಎಂದಳು.  ಸವಾ, ಆಯ್ತು, ನಾನೇ ತಂದುಕೊಡುತ್ತೇನೆ ಎಂದೆ. ನಿನ್ನ ಕಾನ್ವೊಕೇಶನ್‌ಗೆಂದು ಮಾಡಿಸಿದ ನನ್ನ ವೀಸಾ ಇನ್ನೂ ನಡೆಯುತ್ತದೆ. ನಿಮ್ಮಪ್ಪ ಪೇಪರ್ ಕೆಳಗಿಟ್ಟು ವಿಮಾನದಲ್ಲಿ ಅವಳ ಪಕ್ಕದ ಸೀಟನ್ನೇ ನನಗೆ ಬುಕ್ ಮಾಡಿದರು. ಬಾಣಂತನ ಸೆಲಿನ್‌ದೇ, ನೀರು ಕಾಯಿಸುವವಳು ನಾನು. ಅತ್ತರೂ ಒಲೆಯ ಮುಂದೆ ಅಳುತ್ತೇನೆ, ನಿನಗೆ ಕಾಣಿಸುವುದಿಲ್ಲ. ಈ ಕಾಗದವನ್ನು ನಾನೇ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದಿ, ಆಮೇಲೆ ನನ್ನ ಮುಖ ನೋಡು.