ಮನ್ಯಾಗ ಮಾಡಿದ ಬಣ್ಣ

ತಿಕೋಟಾ,
೧೨ ಮಾರ್ಚ್ ೧೯೪೪, ರವಿವಾರ

ವಿಜಾಪುರದ ಮೋಟಾರು ಕಾರಖಾನೆಯ ಫಿಟರ್ ಶಿರೋಮಣಿಗಳೂ, ಅಗ್ನಿದೇವನ ಸೊಕ್ಕು ಮುರಿದ ಮಹಾಶೋಧಕರೂ, ದೈವವಶಾತ್ ನನ್ನ ಯಜಮಾನರೂ ಆದವರ ಪಾದಗಳಿಗೆ, ಧರ್ಮಪತ್ನಿಯು ಹತ್ತು ಮೈಲು ದೂರದಿಂದ ಮಾಡುವ ನಮಸ್ಕಾರ. ಹತ್ತಿರ ಬಂದು ಮಾಡುವಷ್ಟು ಸಿಟ್ಟು ಇನ್ನೂ ಇಳಿದಿಲ್ಲ.

ನಾನಿಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ, ನೀವೇ ಬರೆದಿದ್ದೀರಿ. ಬಸ್ಸಿನ ಇದ್ದಲಿ ಪೀಪಾಯಿಗೆ ಹಚ್ಚಿದ ಬಣ್ಣ ಮೇಲಿನ ಅರ್ಧ ಹಳೆ ಗೋಡೆಯ ಸುಣ್ಣದಂತೆ ಉದುರಿತು. ಕೆಳಗಿನ ಅರ್ಧ ಮಾತ್ರ 'ದೇವರ ದಯದಿಂದ' ಗಟ್ಟಿಯಾಗಿ ನಿಂತಿದೆ. ಗುರುವಾರ ಮಾಲಕರು ಬಸ್ಸನ್ನು ಬಬಲೇಶ್ವರದ ತನಕ ಓಡಿಸಿ ಪರೀಕ್ಷೆ ಮಾಡುತ್ತಾರೆ. ಆದಕಾರಣ ಬಣ್ಣ ಕಲಸುವ ಸರಿಯಾದ ಪ್ರಮಾಣವನ್ನು ತಕ್ಷಣ ಬರೆದು ಕಳಿಸತಕ್ಕದ್ದು, ಇಲ್ಲವಾದರೆ ತವರಿನಲ್ಲೇ ಬಿದ್ದಿರತಕ್ಕದ್ದು. ಎಂಥ ಮುತ್ತಿನಂಥ ಅಕ್ಷರ! ಓದಿ ಮೂರು ಸಲ ಮಡಚಿ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು. ಅದಕ್ಕೆ ಯಾರೂ ನನ್ನ ಬಣ್ಣ ಹಚ್ಚಿರಲಿಲ್ಲ.

ಈಗ ಕೆಲವು ಸಂಗತಿಗಳನ್ನು ತಮ್ಮ ಘನ ಸನ್ನಿಧಿಗೆ ನೆನಪು ಮಾಡಿಕೊಡುತ್ತೇನೆ.

ಯುದ್ಧ ಬಂದು ಪೆಟ್ರೋಲು ಹೋಗಿ, ನಿಮ್ಮ ಬಸ್ಸುಗಳು ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು ಇದ್ದಲಿಯ ಹೊಗೆಯ ಮೇಲೆ ಓಡಲು ಶುರುವಾದವು. ಬೆಂಕಿ ಆ ಪೀಪಾಯಿಯ ಕಬ್ಬಿಣವನ್ನೇ ತಿನ್ನುತ್ತದೆ. ಹೋದ ದಸರೆಯಲ್ಲಿ ಒಂದು ಪೀಪಾಯಿ ತೂತಾಗಿ ಡ್ರೈವರ್ ಮೆಹಬೂಬ ಕಾಕಾನ ಕೈ ಮೊಳಕೈವರೆಗೆ ಸುಟ್ಟಿತು. ಆ ದಿನ ನೀವು ಮನೆಗೆ ಬಂದು ಕಣ್ಣಲ್ಲಿ ನೀರು ತಂದಿರಿ. ಕಾಕಾನ ಕೈಗಾಗಿ ಎಂದು ನಾನು ಕರಗಿಹೋದೆ. ಆಮೇಲೆ ತಿಳಿಯಿತು, ಪೀಪಾಯಿ ಹೊಸದಿತ್ತಂತೆ.

ಆಗ ನನಗೆ ಅಪ್ಪನ ಸಾಬೂನು ಕಾರಖಾನೆಯ ಕಡಾಯಿ ನೆನಪಾಯಿತು. ಅದರಿಂದ ಉಕ್ಕಿದ ಗಾಜಿನ ನೀರು ಒಲೆಯ ಕಲ್ಲಿನ ಮೇಲೆ ಉಸುಕಿನೊಡನೆ ಕೂಡಿ, ಉಳಿಯಿಂದ ಹೊಡೆದರೂ ಏಳದಂತೆ ಹಿಡಿದಿತ್ತು. ಬೆಣಚುಕಲ್ಲು ಕುಟ್ಟಿದೆ, ಬೀಸಿದೆ, ವಸ್ತ್ರಗಾಳಿತ ಮಾಡಿ ಆ ಗಾಜಿನ ನೀರಲ್ಲಿ ಕಲಸಿದೆ. (ನಿಮ್ಮ ಮದುವೆಯ ಜರಿ ಅಂಚಿನ ಧೋತರ ಇಲಿ ಕಡಿದದ್ದಲ್ಲ. ಇಲಿಯ ಕ್ಷಮೆ ಕೇಳಿರಿ.) ಒಂದು ಸಲವಲ್ಲ, ಏಳು ಸಲವೂ ಅಲ್ಲ, ಹತ್ತೊಂಬತ್ತು ಸಲ ಕೆಟ್ಟಿತು. ಇಪ್ಪತ್ತನೆಯದನ್ನು ತಗಡಿಗೆ ಹಚ್ಚಿ ನಿಮ್ಮ ಕೈಗೆ ಕೊಟ್ಟೆ. ಕುಲುಮೆಯಲ್ಲಿ ತಗಡು ಕೆಂಪಾದರೂ ಬಣ್ಣ ಬಿಡಲಿಲ್ಲ. ವಿಲಾಯತಿ ಬಣ್ಣ ಸಿಗದ ಈ ಕಾಲದಲ್ಲಿ ಕಲ್ಲು ಮತ್ತು ಸಾಬೂನಿನ ಸಾಮಾನಿನಿಂದ ಇಂಥದ್ದಾಯಿತಲ್ಲ ಎಂದು ಮಾಲಕರು ಬೆರಗಾಗಿ, ಯಾರು ಮಾಡಿದ್ದು ಎಂದು ಕೇಳಿದರು.

ತಾವು ಉತ್ತರ ಕೊಟ್ಟಿರಿ: "ಮನ್ಯಾಗ ಮಾಡಿದ್ದರಿ."

ಅವರು ನಿಮ್ಮ ಕೊರಳಿಗೆ ಹಾರ ಹಾಕಿ, ಮುಖ್ಯ ಫಿಟರ್ ಎಂದು ಸಾರಿದರು. ನೀವು ಹಾರ ಹಾಕಿಕೊಂಡೇ ಮನೆಗೆ ಬಂದಿರಿ. ನಾನು ಕೇಳಿದ್ದಕ್ಕೆ, "ಮನ್ಯಾಗ ಅಂದ್ರ ನೀನ ಅಲ್ಲೇನ? ಹೆಂಡ್ತಿ ಹೆಸರು ನಾಕ ಮಂದ್ಯಾಗ ಹೆಂಗ ಹೇಳ್ಲಿ?" ಎಂದಿರಿ. ಮನೆಯಲ್ಲಿ ಕಂಬವಿದೆ, ಬೆಕ್ಕಿದೆ, ಒರಳಿದೆ. ಮಾಲಕರಿಗೆ ಯಾವುದೆಂದು ಹೇಗೆ ತಿಳಿಯಬೇಕು?

ಮದುವೆಯ ದಿನ ಬಾಗಿಲು ತಡೆದ ಹೆಂಗಸರ ಮುಂದೆ ನಾನು ಒಡಪು ಕಟ್ಟಿ ನಿಮ್ಮ ಹೆಸರು ಹೇಳಿದೆ. ನಿಮ್ಮ ಸರದಿ ಬಂದಾಗ ಕೆಮ್ಮಿದಿರಿ. ನಾಲ್ಕು ವರ್ಷವಾಯಿತು, ಆ ಕೆಮ್ಮು ವಾಸಿಯಾಗಿಲ್ಲ. ನನಗೆ ಹೆಸರಿದೆ ಎಂಬುದು ತಮಗೆ ಮರೆತಿದ್ದರೆ ನಮ್ಮ ಲಗ್ನಪತ್ರಿಕೆ ನೋಡಿಕೊಳ್ಳಬಹುದು.

ನೀವು ಹಾರದೊಡನೆ ಬಂದ ಹೊತ್ತಿಗೆ ನಾನು ಹಿತ್ತಲಲ್ಲಿ ಪೀಪಾಯಿಗೆ ಬಣ್ಣ ಹಚ್ಚುತ್ತಿದ್ದೆ. ಕೆಳಗಿನ ಅರ್ಧ ಮುಗಿದಿತ್ತು. ಕುಂಚ ಕೆಳಗಿಟ್ಟು ತಿಕೋಟಾ ಬಸ್ಸು ಹತ್ತಿದೆ. ಗೊತ್ತಾಯಿತೇ, ಕೆಳಗಿನ ಅರ್ಧದ ದೇವರು ಯಾರೆಂದು? ಕೈ ಮುಗಿಯುವುದಿದ್ದರೆ ಪಡುವಣಕ್ಕೆ ತಿರುಗಿ ಮುಗಿಯಿರಿ.

ಮೇಲಿನ ಅರ್ಧ ತಮ್ಮದು. ನನ್ನ ವಹಿಯಿಂದ ಕದ್ದು ಬರೆದುಕೊಂಡಿರಿ: 'ಗಾಜಿನ ನೀರು ಎರಡು ಪಾಲು.' ಮುಂದಿನ ಕಥೆಯನ್ನು, ತಿಕೋಟಾ ಬಸ್ಸು ತಂದ ಮೆಹಬೂಬ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ. ನೀವು ಬಜಾರದಿಂದ ಎರಡು ಗಾಜಿನ ಗ್ಲಾಸು ತರಿಸಿದಿರಿ. ತಾಜ ಬಾವಡಿಯ ನೀರನ್ನು ಹಿತ್ತಾಳೆ ತಂಬಿಗೆಯಲ್ಲಿ ತಂದ ಕಾರಖಾನೆಯ ಹುಡುಗ ಖಂಡಪ್ಪನಿಗೆ, "ಲೇ ಖಂಡ್ಯಾ, ಹಿತ್ತಾಳಿ ನಡ್ಯೂದಿಲ್ಲ! ಗಾಜಿಂದ ಆಗಬೇಕು ಅಂತ ಬರದಾಳ!" ಎಂದು ಬೈದಿರಿ. ನಾನು ನಕ್ಕ ನಗೆಗೆ ಅಪ್ಪ ಸಾಬೂನಿನ ಹುಟ್ಟು ಹಿಡಿದುಕೊಂಡೇ ಓಡಿಬಂದ.

ಮಹಾಶೋಧಕರೇ, ಗಾಜಿನ ನೀರೆಂದರೆ ಗ್ಲಾಸಿನಲ್ಲಿರುವ ನೀರಲ್ಲ. ಉಸುಕು, ಸೋಡಾ ಕರಗಿಸಿ ಮಾಡಿದ, ಜೇನಿನಂತೆ ಮಂದವಾದ ಪಾಕ. ಮುಂಬಯಿಯಿಂದ ಪೀಪಾಯಿಗಟ್ಟಲೆ ಅಪ್ಪನ ಸಾಬೂನಿಗೆ ಬರುವುದು. ನಾಲ್ಕು ವರ್ಷ ಅದೇ ಸಾಬೂನಿನಿಂದ ಮೈ ತೊಳೆದಿರಿ. ಒಂದು ದಿನವಾದರೂ, ಇದರಲ್ಲಿ ಏನು ಹಾಕುತ್ತೀರಿ ಎಂದು ಕೇಳಿದಿರಾ? ನನ್ನನ್ನು ಏನಾದರೂ ಕೇಳಿದಿರಾ?

ಆದ್ದರಿಂದ ನನ್ನ ತೀರ್ಪು ಹೀಗಿದೆ. ಗುರುವಾರದ ಪರೀಕ್ಷೆಗೆ ಸಾಕಷ್ಟು ಮೊದಲೇ, ಮಾಲಕರೂ ಫಿಟರುಗಳೂ ನಿಂತಿರುವಾಗ, ಈ ಬಣ್ಣ ಮಾಡಿದವಳ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ, ಕೆಮ್ಮದೆ ಹೇಳತಕ್ಕದ್ದು. ಹೇಳದಿದ್ದರೆ ಪ್ರಮಾಣವೂ ಬರುವುದಿಲ್ಲ, ನಾನೂ ಬರುವುದಿಲ್ಲ. ಎರಡು ಗ್ಲಾಸು ನೀರು ಹಿಡಿದು ಬಬಲೇಶ್ವರದ ತನಕ ಬಸ್ಸಿನ ಹಿಂದೆ ಓಡಿರಿ.

ಇಂತಿ ನಿಮ್ಮ,
'ಏ, ಕೇಳಿಲ್ಲಿ'

ತಾ.ಕ.: ಒಂದು ಸಣ್ಣ ಸಂಗತಿ ಬಿಟ್ಟುಹೋಯಿತು. ನಿನ್ನೆ ಮಾಲಕರು ಬಸಗೊಂಡಪ್ಪನವರೇ ಇಲ್ಲಿಗೆ ಬಂದಿದ್ದರು. ಅರ್ಧ ಉದುರಿ ಅರ್ಧ ನಿಂತದ್ದು ಹೇಗೆಂದು ಅವರು ಕೇಳಿದಾಗ ಮೆಹಬೂಬ ಕಾಕಾ ಎಲ್ಲ ಹೇಳಿಬಿಟ್ಟನಂತೆ. ಕಾಕಾನ ಕೈ ಇನ್ನೊಮ್ಮೆ ಸುಡಬಾರದೆಂದು ಬಣ್ಣದ ಡಬ್ಬಿಗಳನ್ನು ಅವರ ಕೂಡ ಕಳಿಸಿದ್ದೇನೆ. ಸೋಮವಾರ ಹಚ್ಚಿ, ಮೂರು ದಿನ ನೆರಳಲ್ಲಿ ಒಣಗಿಸಿರಿ; ಅವಸರ ಮಾಡಿದರೆ ಉಬ್ಬುತ್ತದೆ, ನಿಮ್ಮ ಹಾಗೆ. ಇನ್ನು ಮುಂದೆ ಎಲ್ಲ ಬಸ್ಸುಗಳಿಗೂ ಬಣ್ಣ ನಮ್ಮ ಅಪ್ಪನ ಕಾರಖಾನೆಯಿಂದಲೇ ಬರುತ್ತದೆ. ಡಬ್ಬಿಯ ಮೇಲೆ ಏನು ಹೆಸರು ಹಾಕೋಣವೆಂದು ಮಾಲಕರು ಕೇಳಿದರು. ಬಾಗಿಲ ಮರೆಯಿಂದ ಹೇಳಿದೆ, ಅವರು ನಕ್ಕು ಒಪ್ಪಿದರು. ಉಗ್ರಾಣದ ಲಾಲಸಾಬರಿಗೆ ಅಪ್ಪಣೆಯೂ ಆಗಿದೆ: ಬಣ್ಣದ ಹೆಸರು ಹೇಳದವರಿಗೆ ಡಬ್ಬಿ ಕೊಡಕೂಡದು. ಈ ಕಾಗದ ಕಾಕಾನ ಬಸ್ಸಿನಲ್ಲಿ ಇವತ್ತು ಸಂಜೆಯೇ ನಿಮಗೆ ಮುಟ್ಟುತ್ತದೆ. ನಾಳೆ ಮುಂಜಾನೆ ಉಗ್ರಾಣದ ಕಿಡಕಿಯ ಮುಂದೆ, ಹತ್ತು ಜನ ಫಿಟರುಗಳ ನಡುವೆ ನಿಂತು ತಾವು ಹೇಳಬೇಕಾದದ್ದು ಇಷ್ಟೇ: "ಒಂದ ಡಬ್ಬಿ ನೀಲಾಬಾಯಿ ಕೊಡ್ರಿ." ಕೆಮ್ಮಿದರೆ ಮತ್ತೆ ಸಾಲಿನ ಕೊನೆಗೆ.