ಅತ್ತೆಯ ಔಷಧದ ಖಾನೆ

ಗದಗ, ೨೧೬೩ನೇ ಇಸವಿ, ಫೆಬ್ರುವರಿ ೩೦

ನೂರನಲವತ್ತು ವರ್ಷಗಳಷ್ಟು ಹಿಂದೆ ಕುಳಿತು ಮನೆಖರ್ಚು ಬರೆಯುತ್ತಿರುವ ನಿಮಗೆ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಲೆಕ್ಕಕ್ಕೆ ಸುಲಭವಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಬದುಕಿರುವವರ ಮುಂದೆ ಪೂರ್ತಿ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಹೆಸರು ನೀಲಾಂಬಿಕೆ. ಮನೆಯಲ್ಲಿ ಗಂಡ ಸಂಗನಬಸು, ಅತ್ತೆ ಗುರುಸಿದ್ದವ್ವ ಮತ್ತು ನಾನು. ತಿಂಗಳ ಮೊದಲ ದಿನ ಮೂವರೂ ಕುಳಿತು ಸಂಬಳವನ್ನು ಖಾನೆಗಳಿಗೆ ಹಂಚುತ್ತೇವೆ: ನೀರು, ಜೋಳ, ಅತ್ತೆಯ ಮಂಡಿನೋವಿನ ಔಷಧ, ತಂಪು. ತಂಪು ಎಂದರೆ ಬಿಸಿಲಿನ ಹೊತ್ತು ಕಳೆಯಲು ಓಣಿಯವರೆಲ್ಲ ಇಳಿದು ಕೂರುವ ನೆಲದಡಿಯ ಕೋಣೆಯ ಬಾಡಿಗೆ. ಹಂಚಿದ್ದನ್ನು ಅಡುಗೆಮನೆಯ ಗೋಡೆಯಲ್ಲಿರುವ ‘ತೂಬು’ ಎಂಬ ಯಂತ್ರ ಕಾಯುತ್ತದೆ. ಒಂದು ಖಾನೆಯ ಹಣ ತೀರಿತೆಂದರೆ ತಿಂಗಳು ಮುಗಿಯುವವರೆಗೆ ಅದನ್ನು ಮುಚ್ಚಿಬಿಡುತ್ತದೆ. ಅದರ ಉಸ್ತುವಾರಿ ನನ್ನದು. ಓಣಿಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಮನೆ ನಡೆಸುವವರಿಲ್ಲವೆಂದು ಬೀಗುತ್ತಿದ್ದೆ.

ನೀವು ದಿನಕ್ಕೆ ಮೂರು ಸಲ ಕುಡಿಯುವ ಚಹಾ ನಮಗೆ ಅಪರೂಪ; ನಮ್ಮದು ಹುರಿದ ಜೋಳದ ಕಷಾಯ. ಕಳೆದ ವರ್ಷ ಔಷಧದಂಗಡಿಯವನು ಒಳಕೋಣೆಯಲ್ಲಿ ನಿಜವಾದ ಚಹಾ ಕುದಿಸಿ ಮಾರತೊಡಗಿದ. ಲೋಟಕ್ಕೆ ಎರಡು ದಿನದ ನೀರಿನ ಬೆಲೆ. ಕೆಲಸದಿಂದ ಬರುವಾಗ ಒಮ್ಮೆ ಕುಡಿದೆ. ಆಮೇಲೆ ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ.

“ಚೀಟ್ಯಾಗ ಮಂಡಿನೋವಿನ ಗುಳಿಗಿ ಅಂತ ಬರದ್ರ ಆತಲ್ರೀ ಅಕ್ಕಾರ, ಯಾರ್ ಕೇಳ್ತಾರ?” ಎಂದು ಅಂಗಡಿಯವನೇ ದಾರಿ ತೋರಿಸಿದ.

ಅತ್ತೆಯ ಔಷಧದ ಖಾನೆ ಇಪ್ಪತ್ತನೇ ತಾರೀಖಿಗೇ ಮುಚ್ಚತೊಡಗಿತು.

“ನೀಲಾ, ಗುಳಿಗಿ ತುಟ್ಟಿ ಆಗ್ಯಾವೇನವಾ?” ಎಂದು ಅತ್ತೆ ಕೇಳಿದರು.

“ಹೌದ್ರಿ ಅತ್ತೀ, ಭಾಳ ತುಟ್ಟಿ ಆಗ್ಯಾವ,” ಎಂದೆ. ನಾಲಿಗೆ ತೊದಲಲೂ ಇಲ್ಲ.

ಅವರು ಅಂದಿನಿಂದ ಗುಳಿಗೆಯನ್ನು ಅರ್ಧ ಮುರಿದು ನುಂಗತೊಡಗಿದರು. ಅದನ್ನು ಕಣ್ಣಾರೆ ಕಂಡೆ. ಕಂಡ ಮರುದಿನವೂ ಅಂಗಡಿಗೆ ಹೋದೆ.

ಜನವರಿ ಇಪ್ಪತ್ತನಾಲ್ಕರಂದು, ತಂಪಿನ ಕೋಣೆಗೆ ಇಳಿಯುವಾಗ ಅವರ ಮಂಡಿ ಕೈಕೊಟ್ಟಿತು. ಹನ್ನೊಂದು ಮೆಟ್ಟಿಲು ಉರುಳಿ ಸೊಂಟ ಮುರಿಯಿತು.

ಆಸ್ಪತ್ರೆಯಲ್ಲಿ ಗಂಡ ತಿಂಗಳ ಖರ್ಚು ತೆಗೆದು ನೋಡಿದರು. “ಔಷಧಕ್ಕ ಇಷ್ಟು ರೊಕ್ಕ ಹೋಗೇತಿ. ಮತ್ತ ಮನ್ಯಾಗ ಗುಳಿಗಿ ಯಾಕಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಅತ್ತೆ ಅಂದರು: “ನಾನೇ ಹೆಚ್ಚಿಗಿ ನುಂಗೀನೋ. ನೋವು ತಡಿಯಾಕ ಆಗಲಿಲ್ಲ. ಆಕಿಗೆ ಏನೂ ಅನಬ್ಯಾಡ.”

ಸಂಗನಬಸು ತಾಯಿಯನ್ನು ಗದರಿಸಿದರು. ನಾನು ನೀರಿನ ಲೋಟ ಹಿಡಿದು ಸುಮ್ಮನೆ ನಿಂತಿದ್ದೆ.

ಈ ತಿಂಗಳ ಮೊದಲ ದಿನ ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಕುಳಿತು ಹಣ ಹಂಚಿದೆವು. ಔಷಧದ ಮೊತ್ತ ಬರೆಯುವಾಗ ಅವರು ನನ್ನ ಕೈ ಹಿಡಿದರು. “ಚಹಾ ಅಂತ ಒಂದು ಖಾನೆ ತಗಿ, ನಿನ್ನ ಹೆಸರಿಗೆ. ಎಷ್ಟು ಬೇಕು, ನೀನೇ ಹೇಳು. ಸಣ್ಣಾಕಿದ್ದಾಗ ನಮ್ಮಜ್ಜಿ ಮನ್ಯಾಗ ಕುಡೀತಿದ್ವಿ. ಆ ವಾಸನಿ ನಾ ಮರ್ತಿಲ್ಲವಾ, ನೀ ಮನಿಗೆ ಬಂದ ಕೂಡ್ಲೇ ಗುರ್ತು ಹಿಡೀತಿದ್ದೆ.”

ಗಂಡ ನಮ್ಮಿಬ್ಬರ ಮುಖವನ್ನೂ ನೋಡಿದರು. ನಾನು ಅಳುತ್ತಾ ಚಹಾದ ವಿಷಯ, ಸುಳ್ಳು ಬರೆಸಿದ್ದು, ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. “ದವಾಖಾನ್ಯಾಗ ನಾ ಅವ್ವಗ ಬೈಯೂ ಮುಂದ ಸುಮ್ಮನ ನಿಂತಿದ್ದೆಲ್ಲ?” ಎಂದಷ್ಟೇ ಕೇಳಿ ಎದ್ದುಹೋದರು. ಈಗ ತೂಬು ಅವರ ಕೈಯಲ್ಲಿದೆ. ನನ್ನೊಂದಿಗೆ ಅಗತ್ಯಕ್ಕಷ್ಟೇ ಮಾತು. ಅರ್ಧ ಗುಳಿಗೆ ನನ್ನ ಕಣ್ಣಿಗೆ ಬಿದ್ದಿತ್ತೆಂದು ಮಾತ್ರ ಅವರಿಗೆ ಹೇಳಿಲ್ಲ. ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಆಸೆ ಎಷ್ಟೇ ದುಬಾರಿಯಾಗಿರಲಿ, ಅದನ್ನು ನಿಮ್ಮ ಹೆಸರಿನಲ್ಲೇ ಬರೆಯಿರಿ. ಮನೆಯವರು ಬೈದರೆ ಬೈಸಿಕೊಳ್ಳಿ. ಆ ಬೈಗುಳ ಒಂದು ಸಂಜೆಗೆ ಮುಗಿಯುತ್ತದೆ.

ಅತ್ತೆಯನ್ನು ಮಗ್ಗುಲು ಹೊರಳಿಸುವ ಹೊತ್ತಾಯಿತು. ಕರೆಯುತ್ತಿದ್ದಾರೆ, ಹೋಗುತ್ತೇನೆ.

ನೀಲಾಂಬಿಕೆ