ಎರಡು ರೆಸಿಸ್ಟರ್

೧೨ ಅಕ್ಟೋಬರ್ ೨೦೧೯, ಶನಿವಾರ, ನಾಸಿಕ್

ಔರಂಗಾಬಾದಿನಿಂದ ಆ ವಾದಿರಾಜ ಇವತ್ತೇ ಬರಬೇಕಿತ್ತೇ?

ಅಣ್ಣನ ಮಗಳು ರುಚಿತಾ ನಾಳೆ ಹಾಸ್ಟೆಲಿಗೆ ಹೊರಡುತ್ತಾಳೆ. ಅವಳಿಗೆಂದು ನಾನೇ ಮಾಡಿದ ಓದುವ ದೀಪಕ್ಕೆ ಟೈಪ್-ಸಿ ಸಾಕೆಟ್ ಬೆಸೆದಿದ್ದೆ. ಅಷ್ಟು ಸಣ್ಣ ಕಾಲುಗಳಿಗೆ ಕೈ ನಡುಗದೆ ಬೆಸುಗೆ ಹಾಕುವವನು ಇಡೀ ಅಂಬಡ ಕೈಗಾರಿಕಾ ಪ್ರದೇಶದಲ್ಲಿ ನಾನೊಬ್ಬನೇ. ನನ್ನ ಹಳೆಯ ಚಾರ್ಜರಿಗೆ ದೀಪ ಜಗ್ಗನೆ ಹತ್ತಿತ್ತು. ಅವಳು ತನ್ನ ಹೊಸ ಫೋನಿನ ಚಾರ್ಜರ್ ಚುಚ್ಚಿದಳು, ಕೇಬಲಿನ ಎರಡೂ ತುದಿ ಟೈಪ್-ಸಿ ಇರುವಂಥದ್ದು. ಹತ್ತಲಿಲ್ಲ.

ಅವಳ ಸೋದರಮಾವ ವಾದಿರಾಜ ದೀಪವನ್ನು ಬಿಚ್ಚಿ ನೋಡಿದ. "ಬೀಗರ, ಎರಡು ರೆಸಿಸ್ಟರ್ ಮರ್ತೀರಿ. ಅವಿಲ್ಲಂದ್ರ ಈ ಚಾರ್ಜರ್ ಕರೆಂಟ್ ಬಿಡೂದಿಲ್ರಿ" ಎಂದ. ಚಹಾ ಆರುವುದರೊಳಗೆ ನನ್ನದೇ ಬೆಸುಗೆ ಕಡ್ಡಿಯಿಂದ ಅವನ್ನು ಬೆಸೆದೂಬಿಟ್ಟ. ದೀಪ ಹತ್ತಿತು.

"ಮಾಮಾ, ನೀವು ಏಕ್ ನಂಬರ್" ಎಂದು ಹುಡುಗಿ ಕುಣಿದಳು. ನನ್ನ ಮುಖ ನೋಡಿ, "ಕಾಕಾ, ನೀವು ದೀಪದ ಡಬ್ಬಿ ಛಂದ ಮಾಡೀರಿ" ಎಂದಳು.

ಡಬ್ಬಿಯಂತೆ.

ಎಲ್ಲರೂ ಮಲಗಿದ ಮೇಲೆ ಆ ಎರಡನ್ನು ಕಿತ್ತೆಸೆಯಲು ದೀಪ ಬಿಚ್ಚಿದೆ. ಆದರೆ ಕಿತ್ತರೆ ಹಾಸ್ಟೆಲಿನಲ್ಲಿ ಆರುವುದು ನನ್ನ ದೀಪವೇ. ಅವನ ಬೆಸುಗೆಯಲ್ಲಾದರೂ ಹುಳುಕು ಹುಡುಕೋಣವೆಂದು ಕನ್ನಡಕ ಏರಿಸಿ ನೋಡಿದೆ. ಹಾಳಾದವನು, ನನ್ನದಕ್ಕಿಂತ ನುಣ್ಣಗೆ ಬೆಸೆದಿದ್ದಾನೆ.